ನೀರಿನ ತೊಟ್ಟಿಗೆ ಕಪ್ಪೆ ಬಾರದಂತೆ

ಮುಂಗಾರಿನ ಮೊದಲ ಜೋರು ಮಳೆ ಸುರಿದ ರಾತ್ರಿ ಕೆರೆಕುಂಟೆಗಳ ಕಡೆಯಿಂದ ಕಪ್ಪೆಗಳ ವಟವಟ ಕೇಳಿಬಂದರೆ ರೈತನಿಗೆ ಹರ್ಷ. ಮರುದಿನ ಬೆಳಗ್ಗೆ ಅದೇ ಕಪ್ಪೆ ಕುಡಿಯುವ ನೀರಿನ ತೊಟ್ಟಿಯಲ್ಲಿ ಈಜುತ್ತಿರುವುದನ್ನು ಕಂಡರೆ ಅದೇ ರೈತನಿಗೆ ಹೇವರಿಕೆ. ನಲ್ಲಿಯ ನೀರನ್ನು ಕೂಡಿಡುವುದಕ್ಕಾಗಿ ಅಂಗಳದ ನೆಲದೊಳಗೆ ಕಟ್ಟಿಸಿದ ಸಂಪು, ತೋಟದ ಮೂಲೆಯಲ್ಲಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ, ಇವೆರಡೂ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಈಗ ಸಾಮಾನ್ಯ ನೋಟಗಳಾಗಿವೆ. ಪರದೇಶಗಳಲ್ಲಿ ಮನೆಯ ಈಜುಕೊಳವುಳ್ಳವರು ಯಾವ ತೊಡಕನ್ನು ಕುರಿತು ದೂರುವರೋ ಅದೇ ತೊಡಕು ನಮ್ಮಲ್ಲಿ ಸಂಪಿನಲ್ಲಿಯೂ ಹೊಂಡದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಬಾಬಾಬುಡನ್‌ಗಿರಿಯ ತಪ್ಪಲಿನ ಹೋಂಸ್ಟೇಗಳಿಗೆ ಈಜುಕೊಳಗಳೂ ಬಂದಿವೆ. ಅವುಗಳ ಒಡೆಯರಿಗೂ ಈ ವಿಚಾರ ಉಪಯೋಗಕ್ಕೆ ಬಂದೀತು.

ಹಿಂದಿನ ವರ್ಷದ ಜೂನ್ ತಿಂಗಳಿನಲ್ಲಿ ತರೀಕೆರೆಗೆ ಸಮೀಪದ ಒಂದು ಅಡಿಕೆ ತೋಟದ ಮನೆಗೆ ಹೋಗಿದ್ದೆನು. ಮನೆಯ ಯಜಮಾನರು ನನ್ನನ್ನು ನೇರವಾಗಿ ಸಂಪಿನ ಬಳಿಗೆ ಕರೆದೊಯ್ದು, "ಮೇಷ್ಟ್ರೇ, ಸುತ್ತಲೂ ಎರಡಡಿ ಗೋಡೆ ಏರಿಸಿದ್ದೀನಿ. ಉಪ್ಪೂ ಹಾಕಿ ನೋಡಿದ್ದಾಯಿತು. ಆದರೂ ಬರ್ತಾವಲ್ಲ, ಇದಕ್ಕೆ ನಿಮ್ಮ ವಿಜ್ಞಾನದಲ್ಲಿ ಏನಾದರೂ ಉಂಟೋ?" ಎಂದರು. ಮಳೆಗೆ ಉಪ್ಪು ಕರಗಿ ಪಕ್ಕದ ಕರಿಬೇವಿನ ಗಿಡ ಒಣಗಿತ್ತು. ಕಪ್ಪೆ ಮಾತ್ರ ಸಂಪಿನ ಒಳಗೋಡೆಗೆ ಅಂಟಿಕೊಂಡು ನಿಶ್ಚಿಂತೆಯಿಂದ ಕುಳಿತಿತ್ತು. ಅದರ ಪಕ್ಕದಲ್ಲಿ, ನೀರಿನಿಂದ ಒಂದು ಗೇಣು ಮೇಲೆ, ಸಾಬೂನಿನ ನೊರೆಯಂತಹ ಬಿಳಿಯ ಮುದ್ದೆಯೊಂದು ಗೋಡೆಗೆ ಮೆತ್ತಿಕೊಂಡಿತ್ತು.

ಯಜಮಾನರ ಗೋಡೆಯಲ್ಲಿ ತಪ್ಪಿರಲಿಲ್ಲ; ಆ ಗೋಡೆ ಒಂದು ಬಗೆಯ ಕಪ್ಪೆಗೆ ತಕ್ಕದ್ದಾಗಿತ್ತು, ಬಂದದ್ದು ಮತ್ತೊಂದು ಬಗೆಯದಾಗಿತ್ತು. ನಾವು ಕಪ್ಪೆ ಎಂಬ ಒಂದೇ ಹೆಸರಿನಿಂದ ಕರೆಯುವ ಪ್ರಾಣಿಗಳಲ್ಲಿ ಜಿಗಿಯುವವು ಬೇರೆ, ಏರುವವು ಬೇರೆ, ನೀರನ್ನು ಬಿಟ್ಟು ಕದಲದವು ಬೇರೆ. ಆದುದರಿಂದ ತಡೆಯನ್ನು ಕಟ್ಟುವುದಕ್ಕೆ ಮೊದಲು ಯಾವುದನ್ನು ತಡೆಯಬೇಕೆಂಬುದನ್ನು ತಿಳಿಯಬೇಕು.

ಕಪ್ಪೆಯ ವಿಜ್ಞಾನಕ್ಕೂ ನಮ್ಮ ಸೀಮೆಗೂ ಹಳೆಯ ನಂಟುಂಟು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ವರ್ಣಿಸಿದ ಹೊಸ ಕಪ್ಪೆಗಳಲ್ಲಿ ಒಂದು ಈ ಜಿಲ್ಲೆಯ ಕೊಟ್ಟಿಗೆಹಾರದ್ದು. ಅದರ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ಆ ಊರಿನ ಹೆಸರಿದೆ. ಹಿಂಗಾಲನ್ನು ಚಾಚಿ ಬೀಸಿ ಸನ್ನೆ ಮಾಡುವ ಈ ಪುಟ್ಟ ಕಪ್ಪೆ 'ಕುಣಿಯುವ ಕಪ್ಪೆ' ಎಂದು ಪ್ರಸಿದ್ಧವಾಗಿದೆ. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ರಾಯರ ಹೆಸರನ್ನು 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ಇಡಲಾಯಿತು. ಆದರೆ ಮಲೆನಾಡಿನ ಹಳ್ಳಕೊಳ್ಳಗಳ ಆ ಕಪ್ಪೆಗಳಾವುವೂ ನಮ್ಮ ಸಂಪಿನ ಗೊಡವೆಗೆ ಬರುವವಲ್ಲ. ಬರುವವು ಮನುಷ್ಯನ ನೆರೆಯಲ್ಲಿ ಬಾಳಲು ಕಲಿತ ನಾಲ್ಕಾರು ಜಾತಿಗಳಷ್ಟೆ.

ಅವುಗಳಲ್ಲಿ ಮೊದಲನೆಯದು ನೆಲಗಪ್ಪೆ. ಗಂಟುಗಂಟಾದ ಒರಟು ಬೆನ್ನಿನ, ಕುಪ್ಪಳಿಸುವುದಕ್ಕಿಂತ ನಡೆಯುವುದೇ ಹೆಚ್ಚೆನ್ನಬಹುದಾದ ಈ ಪ್ರಾಣಿಯನ್ನು ಬೀದಿದೀಪದ ಕೆಳಗೆ ಎಲ್ಲರೂ ಕಂಡಿರುವರು. ಎರಡನೆಯದು ದೊಡ್ಡ ಗದ್ದೆಗಪ್ಪೆ. ಮೊದಲ ಮಳೆಗೆ ಇದರ ಗಂಡುಗಳು ನಿಂಬೆಹಣ್ಣಿನ ಬಣ್ಣ ತಳೆದು, ಕತ್ತಿನ ಎರಡು ಪಕ್ಕಗಳಲ್ಲಿ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುತ್ತವೆ. ಮೂರನೆಯದು ಕೆರೆಯ ನೀರಿನಲ್ಲಿ ಕಣ್ಣಷ್ಟೇ ಮೇಲಿಟ್ಟು ತೇಲುತ್ತಿದ್ದು, ಹೆಜ್ಜೆಯ ಸಪ್ಪಳಕ್ಕೆ ನೀರಿನ ಮೇಲೆಯೇ ಕುಪ್ಪಳಿಸಿ ಓಡುವ ತೇಲುಗಪ್ಪೆ. ನಾಲ್ಕನೆಯದು ಬಚ್ಚಲುಮನೆಯ ಗೋಡೆಯ ಮೇಲೆ ಕಾಣಸಿಗುವ ಕಂದು ಮೈಯ, ಸಪುರ ಕಾಲುಗಳ, ಬೆರಳ ತುದಿಗಳಲ್ಲಿ ಚಪ್ಪಟೆ ಬಿಲ್ಲೆಗಳುಳ್ಳ ಮರಗಪ್ಪೆ. ಯಜಮಾನರ ಸಂಪಿನಲ್ಲಿ ಕುಳಿತಿದ್ದುದು ಇದೇ.

ಇವು ತೊಟ್ಟಿಯನ್ನು ಹುಡುಕಿಕೊಂಡು ಬರುವುದಕ್ಕೆ ಕಾರಣವೇನು? ಕಪ್ಪೆಯು ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗಣ ತೆಳುಚರ್ಮದ ಮೂಲಕ ತೇವವನ್ನು ಹೀರಿಕೊಳ್ಳುತ್ತದೆ. ನೀರನ್ನು ಒಳಗೆ ಬಿಡುವ ಚರ್ಮ ಹೊರಗೂ ಬಿಡುತ್ತದೆ. ಪ್ರಯೋಗಶಾಲೆಯಲ್ಲಿ ಗಾಳಿಯ ಆರ್ದ್ರತೆಯನ್ನು ಅಳೆಯಲು ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತುವೆವಲ್ಲವೆ? ಬಯಲಿನಲ್ಲಿ ಕುಳಿತ ಕಪ್ಪೆಯೂ ಹೆಚ್ಚುಕಡಿಮೆ ಅಂತಹ ಒದ್ದೆ ಬುರುಡೆಯೇ. ಕಡೂರು ಬಾಬಾಬುಡನ್ ಬೆಟ್ಟಸಾಲಿನ ಮಳೆನೆರಳಿನಲ್ಲಿರುವ ನಾಡು. ಅಲ್ಲಿಯ ಒಂದು ಬೇಸಗೆಯ ಮಧ್ಯಾಹ್ನ ನೆರಳಿನಲ್ಲಿ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡಾ 30 ಎಂದಿಟ್ಟುಕೊಳ್ಳೋಣ. ಆಗ ಒದ್ದೆ ಬುರುಡೆಯ ಮಾಪಕ ಸುಮಾರು 22 ಡಿಗ್ರಿ ತೋರಿಸುತ್ತದೆ. ಕಪ್ಪೆಯ ಮೈ ಹೀಗೆ ತಂಪಾಗುವುದೇನೋ ನಿಜ. ಆದರೆ ಆವಿಯಾಗುವ ಒಂದೊಂದು ಗ್ರಾಂ ನೀರು ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುವಾಗ ತಾನೂ ಹೋಗಿಬಿಡುತ್ತದೆ. ಆ ತಂಪಿಗೆ ಕಪ್ಪೆ ತೆರುವ ಬೆಲೆ ಅದರ ಮೈಯ ನೀರು.

ಸಂಪಿನ ಒಳಗಿನ ಗಾಳಿಯಾದರೋ ಆವಿಯಿಂದ ತುಂಬಿರುತ್ತದೆ. 35 ಡಿಗ್ರಿಯ ಆ ಒಣಗಾಳಿಯಲ್ಲಿ ಆವಿಯ ಒತ್ತಡ ಪಾದರಸದ 13 ಮಿಲಿಮೀಟರಿನಷ್ಟಿದ್ದರೆ, 26 ಡಿಗ್ರಿಯ ಸಂಪಿನೊಳಗೆ ಅದು 25 ಮಿಲಿಮೀಟರು. ಅಲ್ಲಿ ಕಪ್ಪೆಯ ಮೈಯಿಂದ ನೀರು ಆವಿಯಾಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಮುಚ್ಚಳದ ಸಂದಿಯಿಂದ ಸೂಸುವ ತೇವಗಾಳಿ ಕಪ್ಪೆಗೆ ಧರ್ಮಛತ್ರದ ಕರೆಯಿದ್ದಂತೆ. ಮರಗಪ್ಪೆ ಮಾತ್ರ ಇದರಲ್ಲಿ ಒಂದು ಉಪಾಯವನ್ನು ಕಂಡುಕೊಂಡಿದೆ. ತನ್ನ ಚರ್ಮದಿಂದ ಒಸರುವ, ಕೊಬ್ಬಿನ ಅಂಶ ಬೆರೆತ ಸ್ರಾವವನ್ನು ಕಾಲುಗಳಿಂದ ಮೈಗೆಲ್ಲ ಒರೆಸಿಕೊಂಡು ನೀರಿನ ನಷ್ಟವನ್ನು ತಗ್ಗಿಸಿಕೊಳ್ಳುತ್ತದೆ. ನಾವು ಚಳಿಗಾಲದಲ್ಲಿ ತುಟಿಗೆ ಬೆಣ್ಣೆ ಸವರಿಕೊಳ್ಳುವುದೂ ಇದೇ ತತ್ತ್ವದ ಮೇಲೆ. ಮನೆಯ ಒಣ ಗೋಡೆಯ ಮೇಲೂ ಈ ಕಪ್ಪೆ ಹಗಲೆಲ್ಲ ಕುಳಿತಿರಬಲ್ಲುದಕ್ಕೆ ಇದೊಂದು ಕಾರಣ.

ಇನ್ನು ಗೋಡೆಯ ಪ್ರಶ್ನೆ. ಜಿಗಿಯುವ ಕಪ್ಪೆಯನ್ನು ತಡೆಯಲು ಗೋಡೆ ಎಷ್ಟೆತ್ತರವಿರಬೇಕು? ಪ್ರಕ್ಷೇಪ್ಯಗಳ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಒಂದು ವಸ್ತು 45 ಡಿಗ್ರಿ ಓರೆಯಾಗಿ ನೆಗೆದಾಗ ಅತ್ಯಂತ ದೂರ ಹೋಗುತ್ತದೆ. ಆ ದೂರವು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದಷ್ಟು. ಅದೇ ವೇಗದಿಂದ ನೆಟ್ಟಗೆ ಮೇಲಕ್ಕೆ ನೆಗೆದರೆ ಏರುವ ಎತ್ತರ ಇದರ ಅರ್ಧ. ಆದುದರಿಂದ ಕಪ್ಪೆಯ ವೇಗವನ್ನು ಅಳೆಯುವ ಉಪಕರಣವೇನೂ ಬೇಕಿಲ್ಲ. ಅದು ಸಮನೆಲದಲ್ಲಿ ಎಷ್ಟು ದೂರ ಹಾರುತ್ತದೆಂಬುದನ್ನು ಅಳೆದು ಎರಡರಿಂದ ಭಾಗಿಸಿದರೆ ಸಾಕು. ಒಂದು ಮೀಟರು ಹಾರುವ ಕಪ್ಪೆಯ ವೇಗ ಸೆಕೆಂಡಿಗೆ ಸುಮಾರು 3.1 ಮೀಟರು, ಅದು ಅರ್ಧ ಮೀಟರಿಗಿಂತ ಮೇಲಕ್ಕೆ ಏರಲಾರದು. ಸ್ವಲ್ಪ ಹೆಚ್ಚುವರಿ ಸೇರಿಸಿ 60 ಸೆಂಟಿಮೀಟರು, ಅಂದರೆ ಎರಡಡಿ ಗೋಡೆ ಕಟ್ಟಿದರೆ ಅಂತಹ ಕಪ್ಪೆಗೂ ನೆಲಗಪ್ಪೆಗೂ ದಾರಿ ಮುಚ್ಚಿದಂತೆಯೇ. ಯಜಮಾನರು ಗಣಿತವಿಲ್ಲದೆಯೇ ಸರಿಯಾದ ಉತ್ತರವನ್ನು ಕಂಡುಕೊಂಡಿದ್ದರು.

ಆದರೆ ಮರಗಪ್ಪೆ ಜಿಗಿದು ಬಂದದ್ದಲ್ಲ, ಏರಿ ಬಂದದ್ದು. ಅದು ಹೇಗೆ ಸಾಧ್ಯವೆಂಬುದನ್ನು ಅರಿಯಲು ವಾಚಕರು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಬಹುದು. ಎರಡು ಸಣ್ಣ ಗಾಜಿನ ಫಲಕಗಳ ನಡುವೆ ಒಂದೆರಡು ಹನಿ ನೀರು ಹಾಕಿ ಒತ್ತಿರಿ. ಈಗ ಅವುಗಳನ್ನು ನೇರವಾಗಿ ಎಳೆದು ಬಿಡಿಸುವುದು ಕಷ್ಟ. ನೀರಿನ ಪದರದ ಅಂಚು ಮೇಲ್ಮೈ ಎಳೆತದಿಂದಾಗಿ ಒಳಬಾಗಿರುತ್ತದೆ. ಪದರದೊಳಗಿನ ಒತ್ತಡ ಹೊರಗಣ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗಿರುತ್ತದೆ. ಹೊರಗಿನ ಗಾಳಿಯೇ ಫಲಕಗಳನ್ನು ಒತ್ತಿ ಹಿಡಿಯುತ್ತದೆ. ಅದೇ ಜೋಡಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೆಲ್ಲನೆ ಬಿಡಿಸಿರಿ. ಹಿಡಿತ ಮಾಯ! ಅಂಚಿನಲ್ಲಿ ಗಾಳಿಯೇ ಇಲ್ಲದ ಮೇಲೆ ಎಳೆಯುವ ಮೇಲ್ಮೈ ಎಲ್ಲಿಂದ ಬರಬೇಕು?

ಮರಗಪ್ಪೆಯ ಬೆರಳಬಿಲ್ಲೆ ಇಂತಹ ಫಲಕಗಳಲ್ಲಿ ಒಂದು, ಗೋಡೆ ಮತ್ತೊಂದು. ಬಿಲ್ಲೆಯ ಮೇಲೆ ಜೇನುಗೂಡಿನ ಕೋಣೆಗಳಂತೆ ಆರು ಮೂಲೆಯ ಕೋಶಗಳಿದ್ದು ಅವುಗಳ ನಡುವೆ ಲೋಳೆ ಹರಿಯುವ ಕಿರುಗಾಲುವೆಗಳಿವೆ. ಕೋಶವೊಂದರ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಹೆಚ್ಚಾದ ನೀರು ಕಾಲುವೆಗಳಲ್ಲಿ ಬಸಿದುಹೋಗಿ ಅತಿ ತೆಳುವಾದ ಪದರವಷ್ಟೇ ಉಳಿಯುವುದರಿಂದ ಕಪ್ಪೆ ಗೋಡೆಗೆ ಅಂಟಿಕೊಳ್ಳುವುದಲ್ಲದೆ ಜಾರದೆಯೂ ನಿಲ್ಲುತ್ತದೆ. ಆದುದರಿಂದ ಸಂಪಿಗೆ ನುಣುಪಾದ ಟೈಲು ಹಾಕಿಸಿ ಮರಗಪ್ಪೆಯನ್ನು ಜಾರಿಸುವೆನೆಂಬ ಯೋಚನೆ ಹಣದ ಪೋಲು. ಗಾಜಿನ ಮೇಲೆಯೇ ನಡೆಯುವ ಪ್ರಾಣಿಗೆ ಟೈಲು ರಾಜಮಾರ್ಗ.

ಹಾಗಾದರೆ ದೊಡ್ಡ ಗದ್ದೆಗಪ್ಪೆಗೂ ಇಂತಹ ಬಿಲ್ಲೆಗಳಿದ್ದಿದ್ದರೆ ಅದೂ ಗೋಡೆ ಏರುತ್ತಿತ್ತೆ? ಸಂದೇಹವೇ. ಒಂದೇ ಆಕಾರದ ಪ್ರಾಣಿಯ ಉದ್ದವನ್ನು ಎರಡರಷ್ಟು ಮಾಡಿದರೆ ಬಿಲ್ಲೆಯ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ತೂಕ ಮಾತ್ರ ಎಂಟರಷ್ಟು. ಬಿಲ್ಲೆಯ ಪ್ರತಿ ಚದರ ಮಿಲಿಮೀಟರೂ ಇಮ್ಮಡಿ ಭಾರವನ್ನು ಹೊರಬೇಕಾಗುತ್ತದೆ. ಗೋಡೆ ಏರುವ ವಿದ್ಯೆ ಹಗುರವಾದವರದು.

ಆ ಬಿಳಿಯ ನೊರೆಯ ಮುದ್ದೆ ಏನೆಂದು ಯಜಮಾನರು ಕೇಳಿದರು. ಅದು ಮರಗಪ್ಪೆಯ ಮೊಟ್ಟೆಮನೆ. ಹೆಣ್ಣು ತನ್ನ ಸ್ರಾವವನ್ನು ಹಿಂಗಾಲುಗಳಿಂದ ಮಜ್ಜಿಗೆ ಕಡೆದಂತೆ ಕಡೆದು ನೊರೆಯೆಬ್ಬಿಸಿ ಅದರಲ್ಲಿ ಮೊಟ್ಟೆಯಿಡುತ್ತದೆ. ನೊರೆಯ ಹೊರಪದರ ಒಣಗಿದರೂ ಒಳಗೆ ತೇವ ಉಳಿದಿರುತ್ತದೆ. ಕೆಲವು ದಿನಗಳಲ್ಲಿ ಮರಿಗಳು ನೊರೆಯಿಂದ ಜಾರಿ ಕೆಳಗಿನ ನೀರಿಗೆ ಬಿದ್ದು ಗೊದಮೊಟ್ಟೆಗಳಾಗಿ ಈಜತೊಡಗುತ್ತವೆ. ಇಂತಹ ಮುದ್ದೆಯನ್ನು ಕಂಡೊಡನೆ ಅಗಲವಾದ ಎಲೆಯೊಂದರಿಂದ ಇಡಿಯಾಗಿ ಬಿಡಿಸಿ, ತೋಟದ ನೀರುಗುಂಡಿಯೊಂದರ ಮೇಲಕ್ಕೆ ಚಾಚಿದ ಕೊಂಬೆಯ ಮೇಲಿರಿಸಿದರೆ ಸಂಪೂ ಶುಚಿಯಾಗಿ ಉಳಿಯುತ್ತದೆ, ಮೊಟ್ಟೆಗಳಿಗೂ ಒಂದು ಅವಕಾಶ ಸಿಗುತ್ತದೆ.

ಹೀಗೆ, ಸಂಪಿನ ಮಟ್ಟಿಗೆ ಗೋಡೆಗಿಂತ ಮುಚ್ಚಳ ಮುಖ್ಯ, ಮುಚ್ಚಳಕ್ಕಿಂತ ಅದರ ಸಂದಿ ಮುಖ್ಯ. ಕಬ್ಬಿಣದ ಮುಚ್ಚಳ ಎಷ್ಟೇ ಭಾರವಾಗಿರಲಿ, ಚೌಕಟ್ಟಿನ ಮೂಲೆಯಲ್ಲಿ ಬೆರಳು ತೂರುವಷ್ಟು ಎಡೆಯಿದ್ದರೆ ಅದು ತೆರೆದ ಬಾಗಿಲೇ. ನೆಲಗಪ್ಪೆಯ ಗೊದಮೊಟ್ಟೆ ಬಾಲ ಕಳೆದು ನೆಲಕ್ಕೆ ಬರುವಾಗ ಅದರ ಉದ್ದ ಸುಮಾರು ಒಂದು ಸೆಂಟಿಮೀಟರು ಮಾತ್ರ. ಮಳೆ ಬಿದ್ದ ಮೇಲೆ ಇಂತಹ ಮರಿಗಳು ಹಿಂಡುಹಿಂಡಾಗಿ ಹೊರಡುತ್ತವೆ. ಚೌಕಟ್ಟಿನ ಸುತ್ತ ರಬ್ಬರಿನ ಪಟ್ಟಿ ಅಂಟಿಸಬೇಕು. ಹೆಚ್ಚಿನ ನೀರು ಹೊರಹೋಗುವ ಕೊಳವೆಗೂ ಗಾಳಿಕೊಳವೆಗೂ ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ, ತುಕ್ಕು ಹಿಡಿಯದ ಜಾಲರಿ ಕಟ್ಟಬೇಕು. ಹೆಚ್ಚಿನ ಮನೆಗಳಲ್ಲಿ ಜನ ಮರೆಯುವುದು ಈ ಕೊಳವೆಯನ್ನೇ. ಯಜಮಾನರ ಸಂಪಿನಲ್ಲಿಯೂ ಅದು ಬಾಯ್ದೆರೆದುಕೊಂಡಿತ್ತು. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೂ ಮನೆಯ ಬಳಿಯ ಇಂತಹ ನಿಂತ ನೀರಿನಲ್ಲಿಯೇ ಆದುದರಿಂದ ಒಂದೇ ಜಾಲರಿ ಎರಡು ಕೆಲಸ ಮಾಡುತ್ತದೆ.

ದೀಪದ ವಿಷಯವೂ ಇದೆ. ಅನೇಕ ಮನೆಗಳಲ್ಲಿ ಅನುಕೂಲಕ್ಕೆಂದು ಸಂಪಿನ ನೆತ್ತಿಗೇ ಬಿಳಿಯ ದೀಪವೊಂದನ್ನು ಹಾಕಿರುತ್ತಾರೆ. ದೀಪಕ್ಕೆ ಹುಳು, ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು. ನಾಗರಹಾವಿಗೆ ನೆಲಗಪ್ಪೆ ಮೆಚ್ಚಿನ ಆಹಾರವೆಂಬುದನ್ನು ನೆನೆದರೆ ಮಕ್ಕಳು ಓಡಾಡುವ ಅಂಗಳದಲ್ಲಿ ಈ ಸರಣಿಯ ಮೊದಲ ಕೊಂಡಿಯನ್ನೇ ಕಳಚುವುದು ಲೇಸು. ದೀಪವನ್ನು ದೂರ ಸರಿಸಬೇಕು, ಇಲ್ಲವೆ ನೀಲಿಯಂಶ ಕಡಿಮೆಯಿರುವ ಹಳದಿ ಬೆಳಕಿನ ದೀಪ ಹಾಕಬೇಕು; ಅದಕ್ಕೆ ಹುಳುಗಳು ಅಷ್ಟಾಗಿ ಮುತ್ತುವುದಿಲ್ಲ.

ಉಪ್ಪು, ಸೀಮೆಎಣ್ಣೆ, ಫಿನಾಯಿಲ್ ಇವುಗಳ ಮಾತು ಬೇಡವೇ ಬೇಡ. ಉಪ್ಪು ಅಭಿಸರಣದಿಂದ ಕಪ್ಪೆಯ ಚರ್ಮದೊಳಗಿನ ನೀರನ್ನು ಹೊರಕ್ಕೆ ಸೆಳೆದು ಅದನ್ನು ಹಿಂಸಿಸುತ್ತದೆ. ಮೊದಲ ಮಳೆಗೇ ಕರಗಿ ಗಿಡದ ಬೇರಿಗೂ ಅದೇ ಗತಿಯನ್ನು ತರುತ್ತದೆ. ಉಳಿದೆರಡು ನಾವು ಕುಡಿಯುವ ನೀರಿಗೇ ವಿಷ. ಕ್ಲೋರಿನ್ನಿನಿಂದ ಕಪ್ಪೆಯನ್ನು ಓಡಿಸುವೆನೆಂಬುದೂ ಆಗದ ಮಾತು. ಕಪ್ಪೆ ಸತ್ತು ಬಿದ್ದ ಸಂಪನ್ನು ಬರಿದು ಮಾಡಿ, ಗೋಡೆಯನ್ನು ಉಜ್ಜಿ ತೊಳೆದು, ಹೊಸ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬೆರೆಸಿ, ಒಂದು ಗಂಟೆಯಾದರೂ ಬಿಟ್ಟು ಬಳಸುವುದು ಕುಡಿಯುವ ನೀರಿನ ಶುದ್ಧಿಗೆ ರೂಢಿಯಲ್ಲಿರುವ ಕ್ರಮ. ಬದುಕಿದ್ದ ಕಪ್ಪೆ ಸಿಕ್ಕಿದ್ದರೂ ನೀರನ್ನು ಕುದಿಸದೆ ಕುಡಿಯಬಾರದು. ಭೇದಿ ತರುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಗಳು ಅದರ ಮಲದಲ್ಲಿರಬಹುದು.

ಕೃಷಿಹೊಂಡದ ಕಥೆ ಬೇರೆಯೇ. 2014ರಲ್ಲಿ ಕರ್ನಾಟಕ ಸರ್ಕಾರದ ಕೃಷಿಭಾಗ್ಯ ಯೋಜನೆ ಆರಂಭವಾದಂದಿನಿಂದ ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ ಹಾಸಿನ ಹೊಂಡಗಳು ಬಹಳವಾದವು. ಬಾಯಿ 10 ಮೀಟರು ಚೌಕ, ಆಳ 3 ಮೀಟರು, ಬದಿಗಳು 45 ಡಿಗ್ರಿ ಓರೆ ಎಂದು ಹಿಡಿದರೆ ತಳ 4 ಮೀಟರು ಚೌಕವಾಗಿ, ಅದರಲ್ಲಿ 1,56,000 ಲೀಟರು ನೀರು ನಿಲ್ಲುತ್ತದೆ. ಒಣ ತಿಂಗಳಲ್ಲಿ ತೆಂಗಿಗೂ ಅಡಿಕೆಗೂ ಇದು ಜೀವದಾನ. ಇಂತಹ ಹೊಂಡಕ್ಕೆ ಕಪ್ಪೆ ಬಾರದಂತೆ ಮಾಡುವುದು ಅಶಕ್ಯ, ಅನಗತ್ಯ ಕೂಡ. ಪಂಪಿನ ಹೀರುಕೊಳವೆಯ ತುದಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಗೊದಮೊಟ್ಟೆಗಳು ಹನಿನೀರಾವರಿಯ ಕೊಳವೆಗೆ ಸೇರುವುದಿಲ್ಲ, ಅಷ್ಟು ಸಾಕು. ಇಲ್ಲಿಯ ನಿಜವಾದ ಪ್ರಶ್ನೆ ಕಪ್ಪೆ ಒಳಗೆ ಬರುವುದಲ್ಲ, ಹೊರಗೆ ಹೋಗಲಾರದಿರುವುದು.

ಓರೆಯಾದ ತಳದ ಮೇಲೆ ವಸ್ತುವೊಂದು ಜಾರದೆ ನಿಲ್ಲಬೇಕಾದರೆ ಘರ್ಷಣಾಂಕವು ಆ ಕೋನದ ಸ್ಪರ್ಶಜ್ಯೆಗಿಂತ, ಎಂದರೆ ಬದಿಯ ಎತ್ತರವನ್ನು ಅಡ್ಡಗಲದಿಂದ ಭಾಗಿಸಿದ ಲಬ್ಧಕ್ಕಿಂತ, ಕಡಿಮೆಯಾಗಿರಕೂಡದು. 45 ಡಿಗ್ರಿಗೆ ಈ ಲಬ್ಧ 1. ಪಾಚಿ ಹಿಡಿದ ಒದ್ದೆ ಪ್ಲಾಸ್ಟಿಕ್ಕಿನ ಘರ್ಷಣಾಂಕವನ್ನು ಅಂದಾಜಿಗೆ 0.2 ಎಂದಿಟ್ಟುಕೊಂಡರೆ ಅದರ ಮೇಲೆ ನಿಲ್ಲಬಹುದಾದ ಓರೆ ಕೇವಲ 11 ಡಿಗ್ರಿ. ನೆಲಗಪ್ಪೆ ಎಷ್ಟು ಬಾರಿ ಪ್ರಯತ್ನಿಸಿದರೂ ಮರಳಿ ನೀರಿಗೇ ಜಾರುತ್ತದೆ. ಈಜಿ ದಣಿದು ಕೊನೆಗೆ ಮುಳುಗುತ್ತದೆ. ಇದು ಕಪ್ಪೆಯ ಗತಿ ಮಾತ್ರವಲ್ಲ. ಈ ಲೆಕ್ಕದಲ್ಲಿ ತೂಕದ ಪ್ರಸ್ತಾಪವೇ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹತ್ತು ಗ್ರಾಂ ತೂಗುವ ಕಪ್ಪೆಗೆ ಹೇಗೋ ಮೂವತ್ತು ಕಿಲೋಗ್ರಾಂ ತೂಗುವ ಮಗುವಿಗೂ ಅದೇ 11 ಡಿಗ್ರಿ. ಇಂತಹ ಹೊಂಡಗಳಲ್ಲಿ ಮಕ್ಕಳು ಜಾರಿ ಬಿದ್ದು ಮೃತರಾದ ವಾರ್ತೆಯನ್ನು ನಾವು ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಹೊಂಡದ ಸುತ್ತ ತಂತಿಬೇಲಿ ಇರಲೇಬೇಕು. ಅದರೊಂದಿಗೆ ಒಂದೊಂದು ಬದಿಗೂ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ದಡದ ಗೂಟಕ್ಕೆ ಭದ್ರವಾಗಿ ಕಟ್ಟಿ ತಳದವರೆಗೆ ಇಳಿಬಿಟ್ಟಿರಬೇಕು.

ಕಪ್ಪೆಗೆ ಬೇಕಾದ ಏಣಿ ಇನ್ನೂ ಸುಲಭ. ಅಮೆರಿಕದ ರಿಚ್ ಮೇಸನ್ ಎಂಬ ವನ್ಯಜೀವಿ ತಜ್ಞರು ಈಜುಕೊಳಗಳಲ್ಲಿ ಸಾಯುವ ಕಪ್ಪೆಗಳಿಗಾಗಿ 'ಫ್ರಾಗ್‌ಲಾಗ್' ಎಂಬ ತೇಲುವ ಮೆಟ್ಟಿಲನ್ನು ರೂಪಿಸಿದರು. ಬ್ರಿಟನ್ನಿನಲ್ಲಿ ರಸ್ತೆಬದಿಯ ಚರಂಡಿಗುಂಡಿಗಳೊಳಗೆ ಒರಟು ಜಾಲರಿಯ ಏಣಿಗಳನ್ನು ಇಳಿಬಿಟ್ಟು ಕಪ್ಪೆಗಳನ್ನು ಪಾರುಮಾಡುವರು. ತೆಂಗಿನ ನಾಡಾದ ಕಡೂರಿನಲ್ಲಿ ಇದಕ್ಕಾಗಿ ಪರದೇಶದಿಂದ ಏನನ್ನೂ ತರಿಸಬೇಕಾಗಿಲ್ಲ. ಅಡಿಕೆಯ ದಬ್ಬೆಯೊಂದಕ್ಕೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ, ಒಂದು ತುದಿಯನ್ನು ದಡಕ್ಕೆ ಸಡಿಲವಾಗಿ ಕಟ್ಟಿ, ಮತ್ತೊಂದು ತುದಿಗೆ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಿಗಿದರೆ ನೀರಿನ ಮಟ್ಟ ಏರಿದಂತೆ ಇಳಿದಂತೆ ಏಣಿಯೂ ತಾನಾಗಿ ಹೊಂದಿಕೊಳ್ಳುತ್ತದೆ. ದಬ್ಬೆ ಹೊಂಡದ ಬದಿಗಿಂತ ಉದ್ದವಾಗಿರಬೇಕು. ನೀರು ತಗ್ಗಿದಾಗಲೂ ಅದರ ತುದಿ ಮುಳುಗಿರಬೇಕಷ್ಟೆ. ಕಪ್ಪೆ ಗೋಡೆಯಂಚನ್ನು ಹಿಡಿದು ಸುತ್ತುವ ಪ್ರಾಣಿಯಾದುದರಿಂದ ಏಣಿಯನ್ನು ಮೂಲೆಗೆ ಒತ್ತರಿಸಿ ಇಡುವುದು ಒಳ್ಳೆಯದು. ಈಜುಕೊಳದವರಿಗೂ ಇದೇ ಸಲಹೆ. ಅವರು ರಾತ್ರಿ ಕೊಳಕ್ಕೆ ಹೊದಿಕೆ ಹಾಸಿ ದೀಪವಾರಿಸಿದರೆ ಅರ್ಧ ಕೆಲಸ ಮುಗಿದಂತೆ.

ಕಪ್ಪೆಯೊಂದಕ್ಕೆ ಇಷ್ಟೆಲ್ಲ ಉಪಚಾರವೇಕೆ ಎನ್ನುವವರು ಇದ್ದಾರು. ಒಂದು ಕಾಲದಲ್ಲಿ ನಮ್ಮ ದೇಶದ ಗದ್ದೆಗಪ್ಪೆಗಳ ತೊಡೆಗಳು ಪರದೇಶಗಳ ಊಟದ ಮೇಜಿಗೆ ರಾಶಿರಾಶಿಯಾಗಿ ರಫ್ತಾಗುತ್ತಿದ್ದವು. ಹೊಲಗದ್ದೆಗಳ ಕೀಟಗಳನ್ನು ತಿನ್ನುವ ಪ್ರಾಣಿಯೇ ಇಲ್ಲದಂತಾದೀತೆಂಬ ಭೀತಿಯಿಂದ ಭಾರತ ಸರ್ಕಾರ 1987ರಲ್ಲಿ ಆ ರಫ್ತನ್ನು ನಿಷೇಧಿಸಿತು.

ಯಜಮಾನರು ಕೊಳವೆಗೆ ಜಾಲರಿ ಕಟ್ಟಿಸಿದರು, ಮುಚ್ಚಳಕ್ಕೆ ರಬ್ಬರು ಹಾಕಿಸಿದರು, ದೀಪವನ್ನು ಕೊಟ್ಟಿಗೆಯ ಕಡೆಗೆ ತಿರುಗಿಸಿದರು. ಆ ಮಳೆಗಾಲದಲ್ಲಿ ಸಂಪಿಗೆ ಮತ್ತೆ ಕಪ್ಪೆ ಬರಲಿಲ್ಲ. ಹೊಂಡದ ಮೂಲೆಯ ದಬ್ಬೆ ಮಾತ್ರ ಒಂದು ಹೊಸ ಸಂಗತಿಯನ್ನು ಕಲಿಸಿತು. ಅಕ್ಟೋಬರಿನಲ್ಲಿ ನಾನು ಮತ್ತೆ ಹೋದಾಗ ಅದರ ಮೇಲೆ ಕಪ್ಪೆಗೆ ಬದಲಾಗಿ ನೀರೊಳ್ಳೆ ಹಾವೊಂದು ನೀಳವಾಗಿ ಮಲಗಿ ಬಿಸಿಲು ಕಾಯಿಸುತ್ತಿತ್ತು. ಅದು ವಿಷದ ಹಾವಲ್ಲ. ಆದರೂ ದಬ್ಬೆಯ ಮೇಲ್ತುದಿ ಮನೆಯ ದಾರಿಯ ಕಡೆಗಿತ್ತು. ಯಜಮಾನರು ಅದೇ ಸಂಜೆ ದಬ್ಬೆಯನ್ನು ಬಿಚ್ಚಿ, ತೋಟದ ಕಡೆಗಿರುವ ಮೂಲೆಗೆ ಕಟ್ಟಿದರು.